ಕೇಸು ವಜಾ ಆಯ್ತು, ಸರಿ. ಹಾಗಂದ್ರೇನು?

"ಆ ಕೇಸು ವಜಾ ಆಗಿ ಇಪ್ಪತ್ತೈದು ವರ್ಷದ ಮೇಲಾಯ್ತು. ಈಗ ಅತ್ತೆ ಹೆಸರು ಯಾಕೆ ಸೇರಿಸಬೇಕು?"

ಮೊನ್ನೆ ಊರಿಗೆ ಹೋಗಿದ್ದಾಗ ನನ್ನ ತಮ್ಮ ಹೀಗೆ ಕೇಳಿದ. ಜಗಲಿ ಮೇಲೆ ಕೂತಿದ್ದೆವು. ಕೈಯಲ್ಲಿ ಕಾಫಿ ಲೋಟ, ಎದುರಿಗೆ ಅಪ್ಪನ ಹಳೇ ಟ್ರಂಕು. ತಕ್ಷಣಕ್ಕೆ ಏನು ಹೇಳಬೇಕೋ ಹೊಳೆಯಲಿಲ್ಲ. ಬೆಂಗಳೂರಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಸಹಿಸಿಕೊಳ್ಳಿ. ನಾನು ವಕೀಲನಲ್ಲ. ಕಾನೂನಿನ ವಿಷಯಗಳನ್ನು ವಕೀಲ ಗೆಳೆಯನೊಬ್ಬನ ಹತ್ತಿರ ಕೂತು ಕೇಳಿ, ಪುಸ್ತಕ ತೆಗೆಸಿ ನೋಡಿ ತಿಳಿದುಕೊಂಡಿದ್ದೇನೆ.

ವಿಷಯ ಇಷ್ಟು. ನಮ್ಮದು ತೆಂಗಿನ ಸೀಮೆ. ಅಪ್ಪ ಹೋಗಿ ಎರಡು ವರ್ಷ ಆಯ್ತು. ಖಾತೆ ಮಾಡಿಸೋಣ ಅಂತ ಪಹಣಿ ತೆಗೆಸಿದರೆ ತೋಟದ ಸರ್ವೆ ನಂಬರು ಇನ್ನೂ ಅಜ್ಜನ ಹೆಸರಲ್ಲೇ ಇದೆ! ಪೌತಿ ಖಾತೆ ಆಗಬೇಕಾದರೆ ವಂಶವೃಕ್ಷ ಬೇಕು. ಅಜ್ಜನಿಂದ ವಂಶವೃಕ್ಷ ಬರೆದರೆ ಅಪ್ಪನ ಪಕ್ಕದಲ್ಲಿ ಇನ್ನೊಂದು ಹೆಸರು ಬರಲೇಬೇಕು. ಅಪ್ಪನ ಅಕ್ಕ, ನಮ್ಮ ಸೋದರತ್ತೆ. ಅದಕ್ಕೇ ತಮ್ಮನ ತಕರಾರು. ಅತ್ತೆ ಹಿಂದೆ ಪಾಲು ಕೇಳಿ ಕೋರ್ಟಿಗೆ ಹೋಗಿದ್ದರು, ಕೇಸು ವಜಾ ಆಯ್ತು, ಕತೆ ಮುಗೀತು ಅನ್ನೋದು ಅವನ ವಾದ.

ಕತೆ ಮುಗೀತು ಅಂತಲೇ ನಾನೂ ಇಷ್ಟು ವರ್ಷ ತಿಳಿದಿದ್ದೆ.

*

ಅದು 1999. ನಾನಾಗ ಪಿಯುಸಿ ಓದುತ್ತಿದ್ದೆ. ಅಪ್ಪ ತಾಲೂಕು ಕೋರ್ಟಿನಿಂದ ಸಾಯಂಕಾಲದ ಬಸ್ಸಿಗೆ ಬಂದರು. ಕೈಯಲ್ಲಿ ಒಂದು ಕೇಜಿ ಪೇಡದ ಡಬ್ಬ. ಬಾಗಿಲಲ್ಲೇ ನಿಂತು "ವಜಾ ಆಯ್ತು ಕಣ್ರೋ!" ಅಂದರು. ಅಪ್ಪನನ್ನು ಅಷ್ಟು ಖುಷಿಯಾಗಿ ನೋಡಿದ್ದು ನನಗೆ ಕಡಿಮೆ. ಅಮ್ಮ ಒಂದು ಪೇಡ ದೇವರ ಮುಂದೆ ಇಟ್ಟಳು. ಅಕ್ಕಪಕ್ಕದ ಮನೆಗಳಿಗೆ ಹಂಚಿ ಬರೋಕೆ ನನ್ನನ್ನು ಕಳಿಸಿದರು. ನಾನೂ ದಾರಿಯಲ್ಲಿ ಎರಡು ತಿಂದೆ.

ಊರಲ್ಲಿ ಮಾತು ಬೆಳೆಯೋದಕ್ಕೆ ಎಷ್ಟು ಹೊತ್ತು? ರಾತ್ರಿ ಹೊತ್ತಿಗೆ "ಜಡ್ಜ್ ಸಾಹೇಬ್ರು ಸುಳ್ಳು ಕೇಸು ಅಂತ ಬಿಸಾಕಿದ್ರಂತೆ" ಆಗಿತ್ತು. ಎರಡು ದಿನ ಕಳೆಯುವಷ್ಟರಲ್ಲಿ "ತವರುಮನೆ ಮೇಲೆ ಕೇಸು ಹಾಕೋಕೆ ನಾಚಿಕೆ ಆಗಲ್ವಾ ಅಂತ ಬೈದ್ರಂತೆ" ಅಂತಲೂ ಸೇರಿಕೊಂಡಿತ್ತು. ಯಾರೂ ಇಲ್ಲ ಅನ್ನಲಿಲ್ಲ. ಅತ್ತೆ ಆಮೇಲೆ ನಮ್ಮೂರಿನ ಜಾತ್ರೆಗೆ ಬರಲಿಲ್ಲ, ಗೌರಿ ಹಬ್ಬಕ್ಕೆ ಬರಲಿಲ್ಲ. ಬಾಗಿನ ಕಳಿಸೋದೂ ನಿಂತುಹೋಯಿತು.

ಈಗ ಟ್ರಂಕಿನಲ್ಲಿ ಪಹಣಿ ಹುಡುಕುವಾಗ ಕೋರ್ಟಿನ ನಕಲು ಸಿಕ್ಕಿತು. ಅಪ್ಪ ಜೋಪಾನವಾಗಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದರು. ಏನೋ ಹತ್ತಿಪ್ಪತ್ತು ಪುಟದ ತೀರ್ಪು ಇರುತ್ತೆ, ಅತ್ತೆ ಹೇಳಿದ್ದು ಯಾಕೆ ಸುಳ್ಳು ಅಂತ ವಿವರ ಇರುತ್ತೆ ಅಂದುಕೊಂಡು ತೆಗೆದೆ. ಒಂದೇ ಹಾಳೆ. ಅದರಲ್ಲಿ ಇದ್ದದ್ದು ಇಷ್ಟು: ಕೇಸು ಕೂಗಲಾಯಿತು. ವಾದಿ ಗೈರುಹಾಜರು. ವಾದಿಯ ವಕೀಲರು ಗೈರುಹಾಜರು. ಪ್ರತಿವಾದಿ ಹಾಜರು. ಆದ್ದರಿಂದ ದಾವೆ ಗೈರುಹಾಜರಿಯ ಕಾರಣ ವಜಾ.

ಅಷ್ಟೇ.

ಅತ್ತೆಗೆ ಪಾಲು ಇದೆಯೋ ಇಲ್ಲವೋ ಅನ್ನೋದರ ಬಗ್ಗೆ ಒಂದಕ್ಷರ ಇಲ್ಲ. ಸುಳ್ಳು ಅನ್ನುವ ಪದವೂ ಇಲ್ಲ. ಯಾರೂ ಸಾಕ್ಷಿ ಹೇಳಿಲ್ಲ, ಯಾರೂ ವಾದ ಮಾಡಿಲ್ಲ, ಜಡ್ಜು ಯಾವ ಕಾಗದವನ್ನೂ ಓದಿ ತೂಗಿಲ್ಲ. ಜವಾನ ಬಾಗಿಲಲ್ಲಿ ನಿಂತು ಹೆಸರು ಕೂಗಿದ್ದಾನೆ, ಅತ್ತೆ ಅಲ್ಲಿ ಇರಲಿಲ್ಲ. ನಮ್ಮ ಮನೆಯ ಒಂದು ಕೇಜಿ ಪೇಡ ಬಂದಿದ್ದು ಅದಕ್ಕೆ.

*

ವಜಾ ಅನ್ನೋ ಪದವನ್ನೇ ನೋಡಿ. ಪಕ್ಕದ ಮರಾಠಿಯಲ್ಲಿ ಕಳೆಯುವ ಲೆಕ್ಕಕ್ಕೆ ವಜಾಬಾಕಿ ಅನ್ನುತ್ತಾರೆ. ವಜಾ ಅಂದರೆ ಕಳೆ, ತೆಗೆ ಅಂತ. ನಾವು ನೌಕರನನ್ನು ವಜಾ ಮಾಡಿದರು ಅಂತೀವಿ, ಸರ್ಕಾರ ವಜಾ ಆಯ್ತು ಅಂತೀವಿ, ಅರ್ಜಿ ವಜಾ ಅಂತೀವಿ. ಎಲ್ಲ ಕಡೆಯೂ ಅರ್ಥ ಒಂದೇ, ಇದ್ದ ಜಾಗದಿಂದ ತೆಗೆದದ್ದು. ಕೇಸು ವಜಾ ಅಂದರೆ ಆ ಕೇಸನ್ನು ಕೋರ್ಟಿನ ಪಟ್ಟಿಯಿಂದ ಕಳೆದರು ಅಂತ. ಯಾಕೆ ಕಳೆದರು ಅನ್ನೋದನ್ನು ಆ ಪದ ಹೇಳೋದಿಲ್ಲ. ನಾವು ಮಾತ್ರ ಅದರೊಳಗೆ ಸೋಲು, ಸುಳ್ಳು, ಛೀಮಾರಿ ಎಲ್ಲವನ್ನೂ ತುಂಬಿಬಿಡ್ತೀವಿ.

ಕಾರಣಗಳು ಎಷ್ಟೊಂದಿವೆ ನೋಡಿ. ಮೊದಲು ಸಿವಿಲ್ ಕೇಸುಗಳದ್ದು.

ವಿಚಾರಣೆ ಪೂರ್ತಿ ನಡೆದು, ಎರಡೂ ಕಡೆಯ ಸಾಕ್ಷಿ, ವಾದ ಎಲ್ಲ ಕೇಳಿ, ವಾದಿ ಹೇಳಿದ್ದು ರುಜುವಾತಾಗಿಲ್ಲ ಅಂತ ವಜಾ ಮಾಡುವುದು ಒಂದು. ಇದು ನಿಜವಾದ ಸೋಲು. ಅದೇ ಜನ ಅದೇ ವಿಷಯಕ್ಕೆ ಮತ್ತೆ ಕೇಸು ಹಾಕುವ ಹಾಗಿಲ್ಲ, ಏನಿದ್ದರೂ ಮೇಲಿನ ಕೋರ್ಟಿಗೆ ಅಪೀಲು ಹೋಗಬೇಕು. 1908ರ ಸಿವಿಲ್ ಪ್ರೊಸೀಜರ್ ಕೋಡಿನ 11ನೇ ಸೆಕ್ಷನ್ನು ಹೇಳೋದು ಇದನ್ನೇ. ಆದರೆ ಅಲ್ಲೂ ಒಂದು ಷರತ್ತಿದೆ. ಆ ವಿಷಯವನ್ನು ಕೋರ್ಟು ಹಿಂದೆ ಕೇಳಿ, ಅಂತಿಮವಾಗಿ ತೀರ್ಮಾನ ಮಾಡಿರಬೇಕು. ಕೇಳದೇ ಇದ್ದದ್ದಕ್ಕೆ ಆ ಬಾಗಿಲು ಮುಚ್ಚುವುದಿಲ್ಲ.

ಇನ್ನೊಂದು, ದಾವೆ ಒಳಗೆ ಬರುವ ಮೊದಲೇ ಬಾಗಿಲಲ್ಲಿ ತಿರಸ್ಕಾರ ಆಗೋದು. ಕೋರ್ಟ್ ಫೀ ಕಮ್ಮಿ ಕಟ್ಟಿದ್ದಾರೆ, ಕಟ್ಟಿ ಅಂದರೂ ಕಟ್ಟಿಲ್ಲ. ಅಥವಾ ದಾವೆಯ ಕಾರಣವೇ ಅದರಲ್ಲಿ ಬರೆದಿಲ್ಲ. ಇಂಥವು. ಸರಿಮಾಡಿಕೊಂಡು ಹೊಸದಾಗಿ ಹಾಕೋಕೆ ಕಾನೂನೇ ಬಿಡುತ್ತದೆ, ವಾಯಿದೆ ಮೀರಿರಬಾರದು ಅಷ್ಟೇ.

ಮೂರನೆಯದು, ಹಾಕಿದವರೇ ವಾಪಸ್ ತೆಗೆದುಕೊಂಡದ್ದು. ಪೇಪರಿನಲ್ಲಿ ಇದೂ ವಜಾ ಅಂತಲೇ ಬರುತ್ತೆ. ಮತ್ತೆ ಹಾಕಲು ಕೋರ್ಟಿನ ಅನುಮತಿ ಪಡೆದು ವಾಪಸ್ ತಗೊಂಡರೆ ದಾರಿ ತೆರೆದಿರುತ್ತೆ. ಅನುಮತಿ ಕೇಳದೇ ತಗೊಂಡರೆ ಮುಚ್ಚಿಹೋಗುತ್ತೆ. ಒಂದು ಸಾಲಿನ ವ್ಯತ್ಯಾಸ, ಒಂದು ಜೀವಮಾನದ ವ್ಯತ್ಯಾಸ.

ನಾಲ್ಕನೆಯದು ನಮ್ಮ ಅತ್ತೆಯದ್ದು. ಗೈರುಹಾಜರಿ. ಕೋರ್ಟಿನವರ ಬಾಯಲ್ಲಿ "ಡಿಸ್ಮಿಸ್ಡ್ ಫಾರ್ ಡಿಫಾಲ್ಟ್". ಇದರಲ್ಲೂ ಎರಡು ಬಗೆ. ಇಬ್ಬರೂ ಬರದೇ ಇದ್ದು ವಜಾ ಆದರೆ ವಾದಿ ಹೊಸ ದಾವೆ ಹಾಕಬಹುದು. ಪ್ರತಿವಾದಿ ಬಂದು, ವಾದಿ ಮಾತ್ರ ಬರದಿದ್ದರೆ ಅದೇ ಕಾರಣಕ್ಕೆ ಹೊಸ ದಾವೆ ಹಾಕುವಂತಿಲ್ಲ. ಆದರೆ ಬರದೇ ಇದ್ದದ್ದಕ್ಕೆ ಸರಿಯಾದ ಕಾರಣ ತೋರಿಸಿ ಹಳೇ ದಾವೆಯನ್ನೇ ಮತ್ತೆ ನಡೆಸಿ ಅಂತ ಕೇಳಬಹುದು. ಅದಕ್ಕೆ ಕೊಟ್ಟಿರೋದು 30 ದಿನ. ತಡವಾದರೆ ತಡಕ್ಕೂ ಕಾರಣ ಹೇಳಿ ಮನ್ನಿಸಿ ಅಂತ ಕೇಳಬಹುದು.

ಗೆಳೆಯ ಇನ್ನೊಂದು ವಿಷಯ ತೋರಿಸಿದ. ಅದೇ ಸಿವಿಲ್ ಕೋಡಿನಲ್ಲಿ ಡಿಕ್ರಿ ಅಂದರೆ ಏನು ಅಂತ ಶುರುವಿನಲ್ಲೇ ವಿವರಿಸಿದ್ದಾರೆ. ಅಲ್ಲಿ, ಗೈರುಹಾಜರಿಗಾಗಿ ವಜಾ ಮಾಡಿದ ಆದೇಶ ಡಿಕ್ರಿ ಅಲ್ಲ ಅಂತ ಬಿಡಿಸಿ ಬರೆದಿದ್ದಾರೆ. ಅಂದರೆ ಹಕ್ಕಿನ ಬಗ್ಗೆ ಕೋರ್ಟು ಏನೂ ತೀರ್ಮಾನ ಮಾಡಿಲ್ಲ ಅಂತ ಕಾನೂನೇ ಒಪ್ಪಿಕೊಂಡಿದೆ. ನಮ್ಮೂರು ಮಾತ್ರ ಒಪ್ಪಲಿಲ್ಲ.

*

ಕ್ರಿಮಿನಲ್ ಕೇಸುಗಳಿಗೆ ಬಂದರೆ ಗೊಂದಲ ಇನ್ನೂ ಜಾಸ್ತಿ. ಪೊಲೀಸರು ಬಿ ರಿಪೋರ್ಟ್ ಹಾಕಿದರೂ "ಕೇಸು ಬಿದ್ದೋಯ್ತು", ಹೈಕೋರ್ಟು ಎಫ್ಐಆರ್ ರದ್ದು ಮಾಡಿದರೂ "ಬಿದ್ದೋಯ್ತು", ಆರೋಪ ಹೊರಿಸುವಷ್ಟು ಆಧಾರ ಇಲ್ಲ ಅಂತ ಆರೋಪಿಯನ್ನು ಕೈಬಿಟ್ಟರೂ "ಬಿದ್ದೋಯ್ತು", ಪೂರ್ತಿ ವಿಚಾರಣೆ ನಡೆದು ಖುಲಾಸೆ ಆದರೂ "ಬಿದ್ದೋಯ್ತು". ನಾಲ್ಕೂ ಬೇರೆ ಬೇರೆ. ಒಬ್ಬನನ್ನು ಒಂದೇ ಅಪರಾಧಕ್ಕೆ ಎರಡು ಸಲ ವಿಚಾರಣೆ ಮಾಡಬಾರದು ಅನ್ನೋ ನಿಯಮ ಇದೆಯಲ್ಲ, ಅದರ ಜೊತೆಗೇ ಒಂದು ವಿವರಣೆ ಇದೆ: ದೂರು ವಜಾ ಆಗೋದಾಗಲಿ, ಆರೋಪಿಯನ್ನು ಕೈಬಿಡೋದಾಗಲಿ ಖುಲಾಸೆ ಅಲ್ಲ. ಹಳೇ ಸಿಆರ್‌ಪಿಸಿಯ 300ನೇ ಸೆಕ್ಷನ್ನಿನಲ್ಲಿ ಇದ್ದದ್ದು, 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲಿ 337 ಆಗಿದೆ. ಹಾಗಾಗಿ ದೂರು ವಜಾ ಆದ ಮಾತ್ರಕ್ಕೆ ಪಟಾಕಿ ಹೊಡೆಸಿ, ಹಾರ ಹಾಕಿಸಿಕೊಂಡು ಮೆರವಣಿಗೆ ಹೊರಡುವ ಮುಖಂಡರು ಒಂದು ಸಲ ಹಾಳೆ ತಿರುವಿ ನೋಡಿದರೆ ಒಳ್ಳೇದು.

ಇದಕ್ಕೆ ಉಲ್ಟಾ ಒಂದಿದೆ, ಕೇಳಿ. ಚೆಕ್ ಬೌನ್ಸ್ ಥರದ ಖಾಸಗಿ ದೂರುಗಳಲ್ಲಿ ಸಮನ್ಸ್ ಹೋದ ಮೇಲೆ ದೂರು ಕೊಟ್ಟವನು ಕೋರ್ಟಿಗೆ ಬರದಿದ್ದರೆ ಕೇಸು ಸುಮ್ಮನೆ ಕಡತದಿಂದ ಹೋಗೋದಿಲ್ಲ. ಆರೋಪಿ ಖುಲಾಸೆಯೇ ಆಗಿಬಿಡಬಹುದು! ಆಮೇಲೆ ಅಪೀಲು ಬಿಟ್ಟರೆ ದಾರಿ ಇಲ್ಲ. ಸಿವಿಲ್‌ನಲ್ಲಿ ಗೈರಾದರೆ ಹಕ್ಕಿನ ತೀರ್ಮಾನ ಆಗೋದಿಲ್ಲ, ಇಲ್ಲಿ ಗೈರಾದರೆ ಎದುರಿನವನು ನಿರಪರಾಧಿ. ಹೊಸ ಸಂಹಿತೆಯಲ್ಲಿ ಹಾಗೆ ಖುಲಾಸೆ ಮಾಡುವ ಮೊದಲು ದೂರುದಾರನಿಗೆ ಹಾಜರಾಗಲು 30 ದಿನ ಕೊಡಬೇಕು ಅಂತ ಸೇರಿಸಿದ್ದಾರೆ. ಒಳ್ಳೇ ಕೆಲಸ. ಒಂದು ಬಸ್ಸು ತಪ್ಪಿದ್ದಕ್ಕೆ ಸಾಲ ಕೊಟ್ಟ ದುಡ್ಡು ಹೋಗಬಾರದು.

ಇನ್ನು ಟೀವಿಯವರಿಗೆ ತುಂಬ ಇಷ್ಟವಾದ ಸಾಲು: ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ವಜಾ, ಹೈಕೋರ್ಟ್ ತೀರ್ಪಿಗೆ ಸುಪ್ರೀಂ ಮುದ್ರೆ. ಬಹಳಷ್ಟು ಸಲ ಹಾಗೇನೂ ಆಗಿರೋದಿಲ್ಲ. ಸಂವಿಧಾನದ 136ನೇ ವಿಧಿಯಲ್ಲಿ ಸುಪ್ರೀಂ ಕೋರ್ಟಿಗೆ ಹೋಗುವವರು ಮೊದಲು ಅಪೀಲು ಮಾಡೋಕೆ ಅನುಮತಿ ಕೇಳಬೇಕು. ಕಾರಣ ಹೇಳದೆ ಅನುಮತಿ ಇಲ್ಲ ಅಂದರೆ, ಈ ವಿಷಯಕ್ಕೆ ನಾವು ಕೈ ಹಾಕೋದಿಲ್ಲ ಅಂತ ಅರ್ಥವೇ ಹೊರತು ಹೈಕೋರ್ಟು ಹೇಳಿದ್ದು ಸರಿ ಅಂತ ಅಲ್ಲ. ಇದನ್ನು ಸುಪ್ರೀಂ ಕೋರ್ಟೇ 2000ದಲ್ಲಿ ಕುಂಞಹಮ್ಮದ್ ಮತ್ತು ಕೇರಳ ಸರ್ಕಾರದ ನಡುವಿನ ಕೇಸಿನಲ್ಲಿ ವಿವರವಾಗಿ ಹೇಳಿತು. ಮತ್ತೆ 2019ರಲ್ಲಿ ಅದೇ ಮಾತನ್ನು ಗಟ್ಟಿ ಮಾಡಿತು. ಆ ಕೇಸು ನಮ್ಮ ಕಡೆಯದೇ, ಖೋಡೇಸ್ ಡಿಸ್ಟಿಲರೀಸ್ ಮತ್ತು ಕೊಳ್ಳೇಗಾಲದ ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆ ನಡುವಿನದ್ದು. ಆದರೂ ಟೀವಿಯಲ್ಲಿ ಮುದ್ರೆ ಒತ್ತೋದು ನಿಂತಿಲ್ಲ.

ಸರಿ, ಪೂರ್ತಿ ಕೇಳಿದ ಮೇಲೆ ವಜಾ ಆದರಾದರೂ ಕೊನೆಯೇ? ಅಲ್ಲೂ ಮೇಲೊಂದು ಮೆಟ್ಟಿಲು ಇರುತ್ತೆ. ಬೊಮ್ಮಾಯಿಯವರ ಕೇಸು ನೆನಪಿಸಿಕೊಳ್ಳಿ. 1989ರ ಏಪ್ರಿಲ್ 21ಕ್ಕೆ ಎಸ್.ಆರ್. ಬೊಮ್ಮಾಯಿಯವರ ಸರ್ಕಾರ ವಜಾ ಆಯಿತು. ಬಹುಮತ ವಿಧಾನಸಭೆಯಲ್ಲಿ ತೋರಿಸ್ತೀನಿ ಅಂದರೂ ರಾಜ್ಯಪಾಲರು ಅವಕಾಶ ಕೊಡಲಿಲ್ಲ. ಅದನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿಗೆ ಹೋದರು, ಅಲ್ಲಿ ಅರ್ಜಿಯೂ ವಜಾ. ಸರ್ಕಾರ ವಜಾ, ಅರ್ಜಿ ವಜಾ! ಅವತ್ತಿನ ಮಟ್ಟಿಗೆ ಬೊಮ್ಮಾಯಿ ಸೋತವರು. 1994ರ ಮಾರ್ಚ್ 11ಕ್ಕೆ ಸುಪ್ರೀಂ ಕೋರ್ಟಿನ ಒಂಬತ್ತು ಜನ ನ್ಯಾಯಮೂರ್ತಿಗಳ ಪೀಠ ಕರ್ನಾಟಕದಲ್ಲಿ ಮಾಡಿದ್ದು ಸಂವಿಧಾನಬಾಹಿರ ಅಂದಿತು. ಬಹುಮತ ಇದೆಯೋ ಇಲ್ಲವೋ ಸದನದಲ್ಲೇ ಪರೀಕ್ಷೆ ಆಗಬೇಕು ಅಂದಿತು. ಅಷ್ಟು ಹೊತ್ತಿಗೆ ಚುನಾವಣೆ ಆಗಿ ಬೇರೆ ಸರ್ಕಾರ ಬಂದು ವರ್ಷಗಳಾಗಿದ್ದವು, ಹೋದ ಕುರ್ಚಿ ವಾಪಸ್ ಬರಲಿಲ್ಲ. ಆದರೆ ಇವತ್ತಿಗೂ ಯಾವ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ ಎಲ್ಲರ ಬಾಯಲ್ಲಿ ಬರೋದು ಬೊಮ್ಮಾಯಿ ಕೇಸೇ. ಒಂದು ಕಾಲಕ್ಕೆ ವಜಾ ಆಗಿದ್ದ ಅರ್ಜಿ ಅದು.

*

ಗೈರುಹಾಜರಿಗೆ ವಜಾ ಮಾಡೋದೇ ತಪ್ಪು ಅಂತ ನಾನು ಹೇಳ್ತಾ ಇಲ್ಲ. ಕೇಸು ಹಾಕಿ ಮನೆಯಲ್ಲಿ ಕೂತುಬಿಟ್ಟರೆ ಎದುರಿನವನು ಎಷ್ಟು ವರ್ಷ ಅಲೆಯಬೇಕು? ಬರೀ ಕಿರುಕುಳ ಕೊಡೋಕೆ ಕೇಸು ಹಾಕುವವರೂ ಇದ್ದಾರೆ. ಕೋರ್ಟಿನಲ್ಲಿ ಕಡತಗಳ ರಾಶಿ ಹೇಗಿರುತ್ತೆ ಅಂತ ನೋಡಿದವರಿಗೆ ಗೊತ್ತು. ಕರೆದಾಗ ಬರಬೇಕು ಅನ್ನೋ ನಿಯಮ ಬೇಕೇ ಬೇಕು.

ನನ್ನ ತಕರಾರು ಆಮೇಲೆ ಏನಾಗುತ್ತೆ ಅನ್ನೋದರ ಬಗ್ಗೆ. ವಜಾ ಆದದ್ದು ಕೋರ್ಟ್ ಹಾಲಿನಲ್ಲಿ ಇದ್ದವರಿಗೆ ಗೊತ್ತಾಗುತ್ತೆ. ಇಲ್ಲದೇ ಇದ್ದವರಿಗೆ, ಅಂದರೆ ಯಾರಿಗೆ ನಿಜವಾಗಿ ಗೊತ್ತಾಗಬೇಕೋ ಅವರಿಗೆ, ಗೊತ್ತಾಗೋದು ಊರ ಬಾಯಿಂದ. ಯಾಕೆ ವಜಾ ಆಯ್ತು, ಮುಂದೇನು ಮಾಡಬಹುದು, ಎಷ್ಟು ದಿನದೊಳಗೆ ಮಾಡಬೇಕು ಅನ್ನೋ ಮೂರು ಸಾಲು ಕನ್ನಡದಲ್ಲಿ ಒಂದು ಕಾರ್ಡಿನಲ್ಲಿ ಬರೆದು ವಾದಿಯ ವಿಳಾಸಕ್ಕೆ ಹಾಕಿದರೆ ಆಕಾಶ ಬಿದ್ದುಹೋಗುತ್ತಾ? 30 ದಿನದ ಅವಕಾಶ ಇದೆ ಅಂತ ಗೊತ್ತಿಲ್ಲದವರಿಗೆ ಅದು ಇದ್ದರೆಷ್ಟು ಬಿಟ್ಟರೆಷ್ಟು? ವಕೀಲರು ಬರದಿದ್ದಕ್ಕೆ ಕಕ್ಷಿದಾರ ನರಳಬಾರದು ಅಂತ ಸುಪ್ರೀಂ ಕೋರ್ಟು 1981ರಲ್ಲೇ ರಫೀಕ್ ಮತ್ತು ಮುನ್ಷಿಲಾಲ್ ಕೇಸಿನಲ್ಲಿ ಹೇಳಿದೆ. ವಕೀಲರನ್ನು ನೇಮಿಸಿ, ಫೀಸು ಕೊಟ್ಟು, ಅವರನ್ನು ನಂಬಿ ಊರಲ್ಲಿ ಇರುವ ಹಳ್ಳಿಯವನು ಹೈಕೋರ್ಟಿಗೆ ಬಂದು ತನ್ನ ವಕೀಲರು ಬಂದಿದ್ದಾರಾ ಅಂತ ಕಾವಲು ಕಾಯೋಕಾಗುತ್ತಾ ಅನ್ನೋದು ಅದರ ಸಾರ. ಆಮೇಲಿನ ತೀರ್ಪುಗಳಲ್ಲಿ ಕಕ್ಷಿದಾರರೂ ಎಚ್ಚರವಾಗಿರಬೇಕು ಅಂತಲೂ ಹೇಳಿದ್ದಾರೆ, ಅದೂ ನ್ಯಾಯವೇ. ಆದರೆ ಎಚ್ಚರವಾಗಿರೋದಕ್ಕೆ ಸುದ್ದಿಯಾದರೂ ತಲುಪಬೇಕಲ್ಲ.

ಈಗ ಒಂದು ಅನುಕೂಲ ಆಗಿದೆ. ಇ-ಕೋರ್ಟ್ಸ್ ತಾಣದಲ್ಲಿ ಕೇಸಿನ 16 ಅಕ್ಷರದ ಸಿಎನ್‌ಆರ್ ನಂಬರು ಹಾಕಿದರೆ ಮುಂದಿನ ವಾಯಿದೆ ಯಾವತ್ತು, ಕೇಸು ಮುಗಿದಿದ್ದರೆ ಹೇಗೆ ಮುಗಿಯಿತು ಅಂತ ತೋರಿಸುತ್ತೆ. ಕಂಟೆಸ್ಟೆಡ್ ಅಂತ ಇದ್ದರೆ ಇಬ್ಬರೂ ವಾದ ಮಾಡಿ ಮುಗಿದದ್ದು. ಅನ್‌ಕಂಟೆಸ್ಟೆಡ್ ಅಂತ ಇದ್ದರೆ ಹಾಗಲ್ಲ. ಆ ಒಂದು ಪದ ನೋಡಿದರೂ ಅರ್ಧ ವಿಷಯ ತಿಳಿಯುತ್ತೆ. ನಿಮ್ಮ ಮನೆಯಲ್ಲಿ ವಯಸ್ಸಾದವರ ಕೇಸೇನಾದರೂ ಇದ್ದರೆ ದಯವಿಟ್ಟು ನಿಮ್ಮ ಫೋನಿನಲ್ಲಿ ಒಮ್ಮೆ ನೋಡಿ ಹೇಳಿ. ಪತ್ರಿಕೆಯವರೂ ಅಷ್ಟೇ, "ಅರ್ಜಿ ವಜಾ" ಅಂತ ಬರೆದ ಮೇಲೆ ಯಾಕೆ ಅಂತ ಇನ್ನೊಂದು ಸಾಲು ಸೇರಿಸಲಿ. ಸಾಲಿಗೆ ಜಾಗ ಇಲ್ಲ ಅಂದರೆ ತಲೆಬರಹದ ಅಕ್ಷರ ಸ್ವಲ್ಪ ಚಿಕ್ಕದು ಮಾಡಲಿ.

*

ಮತ್ತೆ ನಮ್ಮ ಮನೆ ವಿಷಯಕ್ಕೆ ಬರ್ತೀನಿ.

ಆ ಹಾಳೆ ತಗೊಂಡು ಅತ್ತೆ ಮನೆಗೆ ಹೋದೆ. ಪಕ್ಕದ ತಾಲೂಕು, ಎರಡು ಬಸ್ಸು ಬದಲಾಯಿಸಬೇಕು. ಅತ್ತೆಗೆ ಈಗ ಎಪ್ಪತ್ತು ದಾಟಿದೆ. ನಾಲ್ಕನೇ ಕ್ಲಾಸಿನವರೆಗೆ ಓದಿದವರು, ಕಣ್ಣು ಬೇರೆ ಮಂಜು. ನಾನೇ ಓದಿ ಹೇಳಿದೆ. ಮುಗಿದ ಮೇಲೂ ಸುಮ್ಮನೆ ನನ್ನ ಮುಖ ನೋಡುತ್ತಿದ್ದರು.

"ಇಷ್ಟೇನಾ?"

"ಇಷ್ಟೇ ಅತ್ತೆ."

"ನಾನು ಸುಳ್ಳು ಹೇಳಿದೀನಿ ಅಂತ ಬರ್ದಿಲ್ವಾ?"

"ಇಲ್ಲ."

ಸ್ವಲ್ಪ ಹೊತ್ತು ಬಿಟ್ಟು ಹೇಳಿದರು, "ಆಗ ನಿಮ್ಮ ಮಾವನಿಗೆ ಲಕ್ವ ಹೊಡೆದು ಹದಿನೈದು ದಿನ ಆಗಿತ್ತು ಕಣಪ್ಪ. ಬಿಟ್ಟು ಬರೋ ಹಂಗಿರ್ಲಿಲ್ಲ. ವಕೀಲ್ರಿಗೆ ಹೇಳಿ ಕಳಿಸಿದ್ದೆ."

ಗಂಡನಿಗೆ ಲಕ್ವ ಹೊಡೆದದ್ದಕ್ಕಿಂತ ಸರಿಯಾದ ಕಾರಣ ಯಾವ ಕೋರ್ಟಿಗೆ ಬೇಕು? 30 ದಿನದೊಳಗೆ ಒಂದು ಅರ್ಜಿ, ಜೊತೆಗೆ ಒಂದು ಡಾಕ್ಟರ್ ಚೀಟಿ ಕೊಟ್ಟಿದ್ದರೆ ಕೇಸು ಮತ್ತೆ ನಡೆಯೋಕೆ ಸಾಕಿತ್ತು. ಯಾರೂ ಹೇಳಲಿಲ್ಲ. ಅತ್ತೆ ಕೇಳಲೂ ಇಲ್ಲ, ಯಾಕಂದರೆ ಜಡ್ಜು ತನ್ನನ್ನು ಸುಳ್ಳುಗಾತಿ ಅಂದಿದ್ದಾರೆ ಅಂತ ಅವರು ನಂಬಿಬಿಟ್ಟಿದ್ದರು. ಇಷ್ಟು ವರ್ಷ ಅವರು ತವರಿನ ಕಡೆ ಮುಖ ಹಾಕದೇ ಇದ್ದದ್ದು ಸಿಟ್ಟಿನಿಂದ ಅಂತ ನಾವು ತಿಳಿದಿದ್ದೆವು. ಅದು ಸಿಟ್ಟಲ್ಲ, ಅವಮಾನ. ಆ ಅವಮಾನ ಮಾಡಿದ್ದು ಕೋರ್ಟಲ್ಲ. ನಾವು. ಪೇಡ ಹಂಚಿದವರು.

ಇನ್ನೊಂದು ವಿಷಯ ಇದೆ. ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ವಾದಿ ಬರದೇ ಪ್ರತಿವಾದಿ ಮಾತ್ರ ಬಂದಾಗ ವಜಾ ಮಾಡಬೇಕು ಅನ್ನೋ ನಿಯಮ ಇದೆಯಲ್ಲ, ಅದರ ಮಧ್ಯದಲ್ಲೇ ಒಂದು ಮಾತಿದೆ. ಪ್ರತಿವಾದಿ ವಾದಿಯ ಹಕ್ಕನ್ನು ಒಪ್ಪಿಕೊಂಡರೆ ವಜಾ ಮಾಡಬಾರದು, ಒಪ್ಪಿಕೊಂಡಷ್ಟಕ್ಕೆ ಡಿಕ್ರಿ ಕೊಡಬೇಕು. ವಾದಿ ಅಲ್ಲಿ ಇಲ್ಲದಿದ್ದರೂ ಸರಿ! ಅಂದರೆ ಅವತ್ತು ಜವಾನ ಕೂಗಿದಾಗ ಅತ್ತೆಯ ಪಾಲನ್ನು ಉಳಿಸುವ ಅವಕಾಶ ಆ ಕೋರ್ಟ್ ಹಾಲಿನಲ್ಲಿ ಇದ್ದದ್ದು ಒಬ್ಬರಿಗೆ. ಅಪ್ಪನಿಗೆ. ಮದುವೆಯಾಗಿ ಹೋದ ಮಗಳಿಗೂ ಅಜ್ಜನ ಪಾಲಿನಲ್ಲಿ ಪಾಲು ಉಂಟು ಅಂತ 1956ರ ಕಾಯ್ದೆಯಲ್ಲೇ ಇತ್ತು, ಅಪ್ಪನಿಗೆ ಅದು ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಅಷ್ಟು ಹೆದರುತ್ತಿರಲಿಲ್ಲ, ಅಷ್ಟು ಖುಷಿಯೂ ಪಡುತ್ತಿರಲಿಲ್ಲ. ಅಪ್ಪ ಕೆಟ್ಟವರಲ್ಲ. ಎರಡೂವರೆ ಎಕರೆ ತೋಟದಲ್ಲಿ ನಮ್ಮಿಬ್ಬರನ್ನು ಓದಿಸಿದರು. ಆದರೆ ಅವತ್ತು ಬಾಯಿ ಬಿಡಲಿಲ್ಲ. ನಾನು ಆ ಜಾಗದಲ್ಲಿ ಇದ್ದಿದ್ದರೆ ಬಾಯಿ ಬಿಡ್ತಿದ್ದೆನಾ ಅಂತ ಕೇಳಿಕೊಂಡರೆ, ಗೊತ್ತಿಲ್ಲ.

ಈಗೇನು? ಗೆಳೆಯನನ್ನು ಕೇಳಿದೆ. ಆಸ್ತಿ ಭಾಗವಾಗದೆ ಒಟ್ಟಿಗೆ ಇರುವ ತನಕ ಪಾಲು ಕೇಳುವ ಕಾರಣ ದಿನಾ ಹೊಸದಾಗಿ ಹುಟ್ಟುತ್ತಾ ಇರುತ್ತೆ, ಹಿಂದಿನ ದಾವೆ ಗೈರುಹಾಜರಿಗೆ ವಜಾ ಆದ ಮಾತ್ರಕ್ಕೆ ಪಾಲಿನ ಹಕ್ಕು ಸಾಯೋದಿಲ್ಲ ಅಂತ ಕೋರ್ಟುಗಳು ಹೇಳಿವೆಯಂತೆ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಅವತ್ತಿಗೆ ತಂದೆ ಬದುಕಿರಬೇಕು ಅಂತೇನಿಲ್ಲ ಅಂತ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇನ್ನೊಂದು ಕಡೆ, ಪಾಲಿನಿಂದ ಹೊರಗಿಟ್ಟಿದ್ದು ಗೊತ್ತಾಗಿ 12 ವರ್ಷ ಆದರೆ ವಾಯಿದೆ ಮೀರಿತು ಅಂತ ನನ್ನ ತಮ್ಮ ವಾದ ಹೂಡಬಹುದು. ಗೆಲ್ಲಲೂಬಹುದು. ಹಾಗಾದರೆ ಅತ್ತೆಯ ಕೇಸು ಎರಡನೇ ಸಲ ವಜಾ ಆಗುತ್ತೆ, ಆಗಲೂ ಅವರಿಗೆ ಪಾಲಿರಲಿಲ್ಲ ಅಂತ ಅದರ ಅರ್ಥ ಆಗೋದಿಲ್ಲ.

ತಮ್ಮನಿಗೆ ನಾನು ಹೇಳಬೇಕಾಗಿದ್ದು ಇದನ್ನೇ. ವಜಾ ಆದದ್ದು ಕೇಸು. ಅತ್ತೆ ಅಜ್ಜನ ಮಗಳು ಅನ್ನೋದು ವಜಾ ಆಗಿಲ್ಲ. ಅದನ್ನು ವಜಾ ಮಾಡುವ ಅಧಿಕಾರ ಯಾವ ಕೋರ್ಟಿಗೂ ಇಲ್ಲ. ಕೋರ್ಟು ಕೈಬಿಟ್ಟ ಪ್ರಶ್ನೆ ಅಲ್ಲಿಗೆ ಮುಗಿಯೋದಿಲ್ಲ, ನಮ್ಮ ಜಗಲಿಗೆ ವಾಪಸ್ ಬರುತ್ತೆ. ಅಲ್ಲಿ ಯಾರೂ ಹೆಸರು ಕೂಗೋದಿಲ್ಲ, ನಾವೇ ಉತ್ತರ ಹೇಳಬೇಕು.

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅಂತ ಗಾದೆ ಇದೆ. ನಮ್ಮ ಮನೆ ಕೇಸಿನಲ್ಲಿ ಯಾರೂ ಗೆದ್ದೇ ಇರಲಿಲ್ಲ, ಆದರೂ ಇಷ್ಟು ವರ್ಷ ಗೆದ್ದವರ ಹಾಗೆ ಇದ್ದೆವು.

ಮುಂದಿನ ವಾರ ಊರಿಗೆ ಹೋಗ್ತಿದ್ದೀನಿ. ವಂಶವೃಕ್ಷದ ಅರ್ಜಿಯಲ್ಲಿ ಅತ್ತೆ ಹೆಸರು ನಾನೇ ಬರೀತೀನಿ. ತಮ್ಮ ಸಹಿ ಹಾಕ್ತಾನೋ ಜಗಳ ಆಡ್ತಾನೋ ನೋಡಬೇಕು. ಅವನಿಗೂ ಆ ಹಾಳೆಯ ಜೆರಾಕ್ಸ್ ಒಂದು ಮಾಡಿಸಿ ಇಟ್ಟಿದ್ದೀನಿ. ಈ ಸಲ ಗೌರಿ ಹಬ್ಬಕ್ಕೆ ಬಾಗಿನ ಕಳಿಸಬೇಕು ಅಂತ ಅಮ್ಮ ತಾನಾಗೇ ಅಂದಳು.

ನಿಮ್ಮ ಮನೆ ಟ್ರಂಕಿನಲ್ಲೂ ಇಂಥ ಹಾಳೆ ಇರಬಹುದು. ಗೆದ್ದದ್ದೋ ಸೋತದ್ದೋ, ಒಂದು ಸಲ ತೆಗೆದು ಓದಿ.